ಅಜ್ಜಿಯ ಓಡಾಟ ನಿಲ್ಲಿಸಿದ್ದು ನಾವೇ ಇರಬಹುದಾ? ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಮನೆ ಶಿವಮೊಗ್ಗದಲ್ಲಿ. ವಾರಕ್ಕೆ ಮೂರು ದಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಗೆ ಹೋಗುತ್ತೇನೆ. ನೋಡುವುದು ಹೆಚ್ಚಾಗಿ ವಯಸ್ಸಾದವರನ್ನೇ. ಬಿದ್ದು ಎದ್ದವರು, ಜ್ವರ ಬಂದು ಸೋತವರು, ಇಂಥದ್ದೇ ಕಾರಣ ಅಂತ ಇಲ್ಲದೆ ಕಾಲು ಸೋತು ಕೂತವರು. ಈ ಕೊನೆಯವರ ಮನೆಗಳಲ್ಲಿ ಯಾರೂ ಅಸಡ್ಡೆ ಮಾಡಿರುವುದಿಲ್ಲ. ಮಗ, ಸೊಸೆ, ಮಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿರುತ್ತಾರೆ, ಏನೂ ಮಾಡಲು ಬಿಡದೆ ನೋಡಿಕೊಂಡಿರುತ್ತಾರೆ, ಹಾಗೆ ನೋಡಿಕೊಳ್ಳುತ್ತಲೇ ಓಡಾಟ ನಿಂತುಹೋಗಿರುತ್ತದೆ. ನಾನು ಹೊರಡುವಾಗ ಜಗಲಿಯಲ್ಲಿ ನಿಲ್ಲಿಸಿಕೊಂಡು ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಇಷ್ಟು ಚೆನ್ನಾಗಿ ನೋಡಿಕೊಳ್ತಾ ಇದೀವಿ. ಅದರಿಂದಲೇ ಓಡಾಟ ಕಮ್ಮಿ ಆಗುತ್ತೆ ಅಂದ್ರೆ ಹೇಗೆ?

ನಮ್ಮಜ್ಜಿಯ ವಿಷಯವನ್ನೇ ಹೇಳುತ್ತೇನೆ. ಹೊಸನಗರದ ಕಡೆ ಹಳ್ಳಿ, ಹೆಂಚಿನ ಮನೆ, ಎತ್ತರದ ಜಗಲಿ. ಅಜ್ಜಿಗೆ ಆಗ 82. ಒಂದು ಮಳೆಗಾಲ ಅಂಗಳದಲ್ಲಿ ಜಾರಿ ಕೂತುಬಿಟ್ಟಳು. ಏನೂ ಮುರಿಯಲಿಲ್ಲ, ಆದರೆ ಮನೆಯವರೆಲ್ಲ ಹೆದರಿದೆವು. ಮೊದಲು ಹೂ ಕೊಯ್ಯುವುದು ನಿಂತಿತು. ಆಮೇಲೆ ಕಾಫಿ ಮಂಚದ ಹತ್ತಿರವೇ ಹೋಯಿತು, ಅದರ ಹಿಂದೆ ತಿಂಡಿಯೂ ಹೋಯಿತು. ಹಂಡೆಯಿಂದ ನೀರು ತೋಡಿಕೊಡುವುದು ಅಮ್ಮನ ಕೆಲಸವಾಯಿತು, ಬಟ್ಟೆ ಮಡಿಸುವುದು ಅತ್ತಿಗೆಯದ್ದು, ಕೊಟ್ಟಿಗೆಗೆ ಅಕ್ಕಚ್ಚು ಒಯ್ಯುವುದು ಇನ್ಯಾರದ್ದೋ. ಯಾರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ದೀಪಾವಳಿ ಹೊತ್ತಿಗೆ ಅಜ್ಜಿ ಹೊಸ್ತಿಲು ದಾಟುವುದಕ್ಕೆ ಬಾಗಿಲಿನ ದಾರಂದ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ನಾನಾಗ ಕಾಲೇಜಿನಲ್ಲಿ ಇದನ್ನೇ ಓದುತ್ತಿದ್ದೆ. ರಜೆಗೆ ಬಂದವಳು ನಾನೂ "ಅಜ್ಜಿ, ನೀ ಏಳ್ಬೇಡ, ನಾ ತರ್ತೀನಿ" ಅಂತ ಓಡಿದ್ದೇನೆ. ಈಗಲೂ ಅದು ನೆನಪಾದರೆ ಸಂಕಟ ಆಗುತ್ತದೆ.

ಹೂ ಕೊಯ್ಯುವುದು ಅಂದರೆ ಮೂರು ಮೆಟ್ಟಿಲು ಇಳಿಯಬೇಕು, ಕೈ ಮೇಲೆತ್ತಬೇಕು, ಬುಟ್ಟಿ ಹಿಡಿದೇ ತಿರುಗಬೇಕು, ಮತ್ತೆ ಮೆಟ್ಟಿಲು ಹತ್ತಬೇಕು. ಅಜ್ಜಿ ಜನ್ಮದಲ್ಲಿ ವಾಕಿಂಗ್ ಅಂತ ಹೋದವಳಲ್ಲ. ಅವಳ ತೊಡೆ, ಬೆನ್ನು, ಬ್ಯಾಲೆನ್ಸ್ ಎಲ್ಲವನ್ನೂ ಕಾಪಾಡಿದ್ದು ಇಂಥ ಕೆಲಸಗಳೇ. ಒಂದೊಂದಾಗಿ ಕಿತ್ತುಕೊಂಡಿದ್ದರಿಂದ ಒಟ್ಟು ಎಷ್ಟು ಹೋಯಿತು ಅಂತ ನಮಗೆ ಗೊತ್ತೇ ಆಗಲಿಲ್ಲ.

ಸ್ವಲ್ಪ ದಿನ ಮಲಗಿದ್ದರೆ ಅಷ್ಟು ಬೇಗ ಕಾಲು ಸೋಲುತ್ತಾ?

ಸೋಲುತ್ತದೆ, ಅದೂ ನಾವಂದುಕೊಂಡಿದ್ದಕ್ಕಿಂತ ಬೇಗ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದು ನೋಡಿದರು. 2007ರಲ್ಲಿ ಅದರ ವಿವರ ಬಂತು. ಆ 10 ದಿನದಲ್ಲಿ ಅವರ ಕಾಲುಗಳಿಂದ ಕರಗಿದ ಮಾಂಸಖಂಡ ಸರಾಸರಿ ಹೆಚ್ಚುಕಮ್ಮಿ 1 ಕೆಜಿ. ಅವರು ಕಾಯಿಲೆಯವರೂ ಅಲ್ಲ, ಊಟ ಬಿಟ್ಟವರೂ ಅಲ್ಲ. ಹಾಗಿದ್ದರೆ ಜ್ವರ ಬಂದು, ಗಂಜಿ ಕುಡಿದುಕೊಂಡು ಎರಡು ವಾರ ಮಲಗಿದ 80ರ ಜೀವಕ್ಕೆ ಏನಾಗಬಹುದು, ಯೋಚನೆ ಮಾಡಿ.

ಮಾಂಸಖಂಡ ಒಂದೇ ಅಲ್ಲ. ಮಲಗಿಯೇ ಇದ್ದರೆ ಎದ್ದು ನಿಂತಾಗ ಬಿಪಿ ಕುಸಿಯುತ್ತದೆ, ಮಂಡಿ ಮಡಿಸಿದಲ್ಲೇ ಗಟ್ಟಿಯಾಗುತ್ತದೆ, ಮಲಬದ್ಧತೆ ಶುರುವಾಗುತ್ತದೆ, ಕಫ ಎದೆಯಲ್ಲೇ ಉಳಿಯುತ್ತದೆ, ಸೊಂಟದ ಹಿಂದೆ ಮತ್ತು ಹಿಮ್ಮಡಿಯಲ್ಲಿ ಹುಣ್ಣು ಏಳುತ್ತದೆ. ರಿಚರ್ಡ್ ಆಶರ್ ಅನ್ನುವ ಲಂಡನ್ನಿನ ವೈದ್ಯರು 1947ರಲ್ಲೇ ಹಾಸಿಗೆ ಹಿಡಿಸುವುದರ ಅಪಾಯಗಳನ್ನು ಬರೆದಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಮಾತ್ರ ಹುಷಾರು ತಪ್ಪಿದವರಿಗೆ ಮೊದಲು ಹೇಳುವ ಮಾತು ಇವತ್ತಿಗೂ "ಮಲ್ಕೊಳ್ಳಿ" ಅಂತಲೇ ಅಲ್ವಾ?

ಜ್ವರ ಜೋರಾಗಿದ್ದ ದಿನ ಮಲಗಲಿ. ಜ್ವರ ಇಳಿದ ದಿನವೇ ಎದ್ದು ಕೂರಿಸಿ, ಊಟಕ್ಕಾದರೂ ಕುರ್ಚಿಗೆ ಬರಲಿ.

ಓಡಾಡಲು ಬಿಟ್ಟು ಬಿದ್ದರೆ? ಸೊಂಟ ಮುರಿದರೆ ಯಾರು ಹೊಣೆ?

ಈ ಭಯ ಸುಳ್ಳಲ್ಲ. 65 ದಾಟಿದ ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಸೊಂಟ ಮುರಿದ ಮನೆಯ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ಕೂರಿಸಿದವರೂ ದಿನಕ್ಕೆ ಐದಾರು ಸಲ ಬಚ್ಚಲಿಗೆ ಏಳಲೇಬೇಕಲ್ಲ. ತೊಡೆ ಸೋತಿದ್ದರೆ ಆ ಹತ್ತು ಹೆಜ್ಜೆಯಲ್ಲೇ ಬೀಳುತ್ತಾರೆ. ಹಾಗಾಗಿ ಜನರನ್ನು ಕಟ್ಟಿಹಾಕುವ ಬದಲು ಮನೆಯನ್ನು ಸರಿ ಮಾಡಿ.

ಮಲೆನಾಡಿನ ಮನೆಯಲ್ಲಿ ನಾನು ಮೊದಲು ನೋಡುವುದು ಅಂಗಳ. ಜೂನ್ ಮುಗಿಯುವಷ್ಟರಲ್ಲಿ ಪಾಚಿ ಕಟ್ಟಿರುತ್ತದೆ. ಇಡೀ ಅಂಗಳ ಉಜ್ಜುವುದು ಆಗದ ಮಾತು. ಅಜ್ಜ ಅಜ್ಜಿ ಓಡಾಡುವ ಒಂದು ದಾರಿ ಮಾತ್ರ ಆರಿಸಿಕೊಳ್ಳಿ, ಜಗಲಿಯಿಂದ ತುಳಸಿಕಟ್ಟೆಗೆ, ಬೇಕಾದರೆ ಕೊಟ್ಟಿಗೆಗೆ. ಅಲ್ಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ತಿಂಗಳಿಗೆ ಎರಡು ಸಲ. ಆಮೇಲೆ ಹೊಸ್ತಿಲು. ಹಳೆ ಮನೆಗಳ ಹೊಸ್ತಿಲು ಎತ್ತರ ಇರುತ್ತದೆ, ಒಳಗೆ ಕತ್ತಲೆ ಬೇರೆ. ಅದರ ಅಂಚಿಗೆ ಬಿಳಿ ಪೇಂಟ್ ಬಳಿದರೆ ಕಣ್ಣಿಗೆ ಕಾಣುತ್ತದೆ, ಪಕ್ಕದ ಗೋಡೆಗೆ ಒಂದು ಹಿಡಿ ಹಾಕಿಸಿದರೆ ಕೈಗೆ ಆಧಾರ ಸಿಗುತ್ತದೆ. ಬಚ್ಚಲಿನಲ್ಲೂ ಎರಡು ಹಿಡಿ ಬೇಕು, ಟವೆಲ್ ಹಾಕುವ ಸರಳಲ್ಲ, ಮೈಭಾರ ತಡೆಯುವಂಥದ್ದು. ನೆಲಕ್ಕೆ ಹಾಸಿದ ಗೋಣಿ, ಅಂಚು ಮಡಿಚಿಕೊಳ್ಳುವ ಮ್ಯಾಟ್ ತೆಗೆದುಬಿಡಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಸೀರೆ, ಪಂಚೆ ಪಾದದ ಗಂಟಿಗಿಂತ ಮೇಲಿರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ದಿನ ಬರದೇ ಇರುವ ಊರುಗಳಲ್ಲಿ ತಲೆದಿಂಬಿನ ಪಕ್ಕ ಟಾರ್ಚ್ ಇರಲೇಬೇಕು.

ಇನ್ನೊಂದು ಮಾತು. ಅವರು ಏಳುತ್ತಿದ್ದ ಹಾಗೆ "ಅಯ್ಯೋ ಬೀಳ್ತೀರಿ, ಬೀಳ್ತೀರಿ" ಅಂತ ಕೂಗಬೇಡಿ. ಕೂಗಿದ ಕಡೆಗೆ ಗಕ್ಕನೆ ತಿರುಗುತ್ತಾರೆ, ಆ ತಿರುಗುವಾಗಲೇ ಆಯ ತಪ್ಪುತ್ತದೆ. ದಿನಾ ಕೇಳಿ ಕೇಳಿ ತಾವು ಬೀಳುತ್ತೇವೆ ಅಂತ ಅವರೂ ನಂಬಿಬಿಡುತ್ತಾರೆ. ಸುಮ್ನೆ ಪಕ್ಕಕ್ಕೆ ಬಂದು ನಿಲ್ಲಿ.

ಎಬ್ಬಿಸುವಾಗ ಕೈ ಹಿಡಿದು ಎಳೀತೀವಿ. ಅದು ಸರಿನಾ?

ಬೇಡ. ಕೈ ಎಳೆದರೆ ಅವರ ತೊಡೆಗೆ ಕೆಲಸವೇ ಇಲ್ಲ, ನಿಮ್ಮ ಸೊಂಟಕ್ಕೆ ನೋವು. ಕಂಕುಳಿಗೆ ಕೈ ಹಾಕಿ ಎತ್ತುವುದಂತೂ ಬೇಡವೇ ಬೇಡ. ಲಕ್ವ ಹೊಡೆದ ಕಡೆಯ ಭುಜ ಹಾಗೆ ಎಳೆದೇ ಹಾಳಾಗುತ್ತದೆ.

ಕುರ್ಚಿಯ ಅಂಚಿಗೆ ಸರಿದು ಕೂರಲು ಹೇಳಿ. ಪಾದ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಕೈ ಕುರ್ಚಿಯ ತೋಳಿನ ಮೇಲೆ. ಈಗ ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಅಲ್ಲಿಂದ ಒತ್ತಿ ಏಳಲಿ. ನೀವು ಒಂದು ಕೈಯನ್ನು ಸೊಂಟದ ಹಿಂದೆ ಇಟ್ಟು ಕಾಯಿರಿ. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ. ಮನಸ್ಸಿನಲ್ಲೇ ಹತ್ತು ಎಣಿಸಿ. ಹೆಚ್ಚಿನವರು ಏಳೆಂಟಕ್ಕೆ ಎದ್ದಿರುತ್ತಾರೆ, ನಾವು ಮೂರಕ್ಕೇ ಕೈ ಹಾಕಿರುತ್ತೇವೆ.

ಕುರ್ಚಿಯನ್ನೂ ನೋಡಿ. ಜಗಲಿಯಲ್ಲಿರುವ ಆರಾಮ ಕುರ್ಚಿ ಕೂರಲು ಚೆಂದ, ಆದರೆ ಹಿಂದಕ್ಕೆ ಆಳ, ಅದರಿಂದ ಏಳಲು ನನಗೇ ಕಷ್ಟ. ಅಜ್ಜ ಬೆಳಿಗ್ಗೆ ಒಂಬತ್ತಕ್ಕೆ ಅದರಲ್ಲಿ ಕೂತರೆ ಊಟದವರೆಗೂ ಅಲ್ಲೇ. ಮಂಡಿ ಎತ್ತರದ, ಎರಡು ತೋಳಿರುವ ಗಟ್ಟಿ ಕುರ್ಚಿ ಕೊಡಿ.

ನಡೆಸುವಾಗ ಎದುರು ನಿಂತು ಎರಡೂ ಕೈ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುವವರಿದ್ದಾರೆ. ಅದರಿಂದ ಅವರು ಮುಂದಕ್ಕೆ ಜೋಲುವುದನ್ನು ಕಲಿಯುತ್ತಾರೆ. ಸೋತ ಕಾಲಿನ ಪಕ್ಕ, ಅರ್ಧ ಹೆಜ್ಜೆ ಹಿಂದೆ ನಡೆಯಿರಿ.

ಅಷ್ಟೆಲ್ಲ ಕಾಯೋಕೆ ಟೈಮ್ ಎಲ್ಲಿದೆ?

ಇದನ್ನು ಕೇಳುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬೆಳಿಗ್ಗೆ ಹಾಲು ಕರೆಯಬೇಕು, ಮಕ್ಕಳ ಸ್ಕೂಲ್ ಬಸ್ಸು ಬರುತ್ತದೆ, ಕೊಯ್ಲಿನ ಸಮಯ ಆದರೆ ಆಳುಗಳಿಗೆ ತಿಂಡಿ ಆಗಬೇಕು. ಅತ್ತೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಕಾಲು ಗಂಟೆ ತೆಗೆದುಕೊಂಡರೆ ಸೊಸೆ ಕೈ ಹಾಕದೆ ಇರುವುದು ಹೇಗೆ? ಹಾಗಾಗಿ ನಾನು ಎಲ್ಲವನ್ನೂ ಬಿಟ್ಟುಕೊಡಿ ಅನ್ನುವುದಿಲ್ಲ. ದಿನಕ್ಕೆ ಒಂದು ಕೆಲಸ ನಿಧಾನಕ್ಕೆ ಆಗಲಿ. ಬೆಳಗಿನ ಅವಸರದಲ್ಲಿ ನೀವೇ ಮಾಡಿಕೊಡಿ. ಮಧ್ಯಾಹ್ನ ಎಲ್ಲ ಶಾಂತವಾದ ಮೇಲೆ ಅವರೇ ಎದ್ದು, ಅವರೇ ನಡೆದು, ಅವರೇ ಬಟ್ಟಲು ಇಟ್ಟು ಬರಲಿ. ಹೋಂ ನರ್ಸ್ ಇದ್ದರೆ ಅವರಿಗೂ ಇದನ್ನು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಎಲ್ಲವನ್ನೂ ತಾನೇ ಮಾಡಿದರೆ ಮಾತ್ರ ಸಂಬಳಕ್ಕೆ ಸರಿಯಾದ ಕೆಲಸ ಅಂತ ಪಾಪ ಅವರು ತಿಳಿದುಕೊಂಡಿರುತ್ತಾರೆ.

ಅತ್ತೆ ಕೈಯಲ್ಲಿ ಕೆಲಸ ಮಾಡಿಸಿದರೆ ಊರವರು ಏನಂತಾರೆ?

ಮಲೆನಾಡಿನಲ್ಲಿ ಸೊಸೆಯಂದಿರು ನನಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಸಾಗರದ ಹತ್ತಿರ ಒಂದು ಮನೆ. ಅತ್ತೆಗೆ ಅಡಿಕೆ ಆರಿಸುವುದು ಅಂದರೆ ಪ್ರಾಣ. ಕೂತು ಆರಿಸಿ, ಎದ್ದು ಬುಟ್ಟಿಗೆ ಸುರಿದು ಬರುತ್ತಿದ್ದರು. ಅಡಿಕೆ ಸುಲಿಯಲು ಬಂದ ಹೆಂಗಸರಲ್ಲಿ ಒಬ್ಬರು "ಈ ವಯಸ್ಸಲ್ಲೂ ಅಮ್ಮನ ಕೈಲಿ ಕೆಲ್ಸ ಮಾಡಿಸ್ತಾರಲ್ಲ" ಅಂದರಂತೆ. ಬೆಂಗಳೂರಿನ ಮಗಳಿಗೆ ಸುದ್ದಿ ಮುಟ್ಟಿತು. ಅಲ್ಲಿಂದ ಫೋನು, "ಅತ್ತಿಗೆ, ಅಮ್ಮನ್ನ ಆರಾಮಾಗಿ ಇಟ್ಕೊಳ್ಳಿ" ಅಂತ. ಮರುದಿನದಿಂದ ಬುಟ್ಟಿ ಒಳಗೆ ಹೋಯಿತು. ನಾನು ಆ ಮನೆಗೆ ಹೋಗಿದ್ದು ಆರು ತಿಂಗಳ ಮೇಲೆ. ಆ ಹೊತ್ತಿಗೆ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗುವುದೇ ಜಾಸ್ತಿಯಾಗಿತ್ತು.

ನಾನು ಮಾಡಿದ್ದು ಇಷ್ಟೇ. ಆ ಮಗಳಿಗೆ ಸ್ಪೀಕರ್ ಫೋನಿನಲ್ಲಿ ಎಲ್ಲರ ಎದುರು ಹೇಳಿದೆ: ಅಮ್ಮನಿಗೆ ಇದು ಔಷಧಿ, ನಿಮ್ಮ ಅತ್ತಿಗೆ ಕೊಡುತ್ತಿದ್ದಿದ್ದು ಸರಿಯಾದ ಔಷಧಿ, ಇನ್ನು ಮುಂದೆ ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ. ನಿಮ್ಮ ಮನೆಯಲ್ಲೂ ಇಂಥ ಮಾತು ಬರುತ್ತಿದ್ದರೆ ಡಾಕ್ಟರ ಬಾಯಿಂದಲೇ, ದೂರ ಇರುವ ಮಕ್ಕಳಿಗೂ ಕೇಳುವ ಹಾಗೆ ಹೇಳಿಸಿ. ಜವಾಬ್ದಾರಿ ಸೊಸೆಯೊಬ್ಬಳ ತಲೆ ಮೇಲೆ ಬೀಳಬಾರದು. ದೂರದಲ್ಲಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ: ಫೋನಿನಲ್ಲಿ "ರೆಸ್ಟ್ ತಗೊಳಮ್ಮ" ಅನ್ನುವ ಬದಲು "ಇವತ್ತು ಎಲ್ಲಿವರೆಗೆ ಹೋಗಿ ಬಂದೆ?" ಅಂತ ಕೇಳಿ.

ಅವರೇ ಬೇಡ ಅಂತಾರೆ. "ನಂಗಾಗಲ್ಲ" ಅಂತ ಕೂತುಬಿಡ್ತಾರೆ. ಏನು ಮಾಡೋದು?

ಮೊದಲು ಕಾರಣ ಹುಡುಕಿ. ಮಂಡಿ ನೋವಿರಬಹುದು. ಕಣ್ಣಿಗೆ ಪೊರೆ ಬಂದು ಹೊಸ್ತಿಲು ಕಾಣದೆ ಇರಬಹುದು. ಕಾಲಿನ ಉಗುರು ಬೆಳೆದು ಒಳಗೆ ಚುಚ್ಚುತ್ತಿರಬಹುದು. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ, ಉಗುರು ಕತ್ತರಿಸಿದ ಮರುದಿನ ನಡೆದವರಿದ್ದಾರೆ. ದಾರಿಯಲ್ಲಿ ಮೂತ್ರ ಹೋಗಿಬಿಡುತ್ತದೆ ಅನ್ನುವ ನಾಚಿಕೆ ಇರಬಹುದು. ಮನಸ್ಸು ಕುಗ್ಗಿರಬಹುದು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಕೂತಿದ್ದಾರೆ ಅಂದರೆ ಅದನ್ನು ಬರೀ ವಯಸ್ಸು ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ, ಅದಕ್ಕೂ ಚಿಕಿತ್ಸೆ ಇದೆ.

ಕಾರಣ ಏನೂ ಸಿಗದಿದ್ದರೆ ಎಕ್ಸರ್‌ಸೈಜ್ ಅನ್ನುವ ಪದವನ್ನೇ ಬಿಟ್ಟುಬಿಡಿ. ಒಂದು ಕೆಲಸ ಕೊಡಿ, ಅವರು ಮಾಡದಿದ್ದರೆ ನಿಜಕ್ಕೂ ನಿಂತುಹೋಗುವ ಕೆಲಸ. ಸಂಜೆ ದೇವರ ದೀಪ ಹಚ್ಚುವುದು, ನಾಯಿಗೆ ಅನ್ನ ಹಾಕುವುದು, ಕೋಳಿಗೂಡು ಮುಚ್ಚಿದೆಯಾ ನೋಡಿ ಬರುವುದು. "ನಡೀರಿ" ಅಂದರೆ ಏಳದವರು "ಕೋಳಿ ಹೊರಗೇ ಇದ್ಯಾ ನೋಡಿ" ಅಂದರೆ ಏಳುತ್ತಾರೆ.

ಮಳೆಗಾಲದಲ್ಲಿ ಹೊರಗೆ ಕಾಲಿಡೋಕೇ ಆಗಲ್ಲ. ಆಗ?

ಆಗುಂಬೆಯ ಕಡೆಯವರಿಗೆ ಈ ಪ್ರಶ್ನೆ ಸಹಜ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಾಗ ಅದು. ಎಷ್ಟೋ ಹಿರಿಯರ ಕಾಲು ಸೋಲುವುದು ಜೂನ್ ಮತ್ತು ಸೆಪ್ಟೆಂಬರ್ ನಡುವೆಯೇ. ಒಲೆ ಹತ್ತಿರ ಕಂಬಳಿ ಹೊದ್ದು ಕೂತರೆ ಏಳುವ ಮನಸ್ಸು ಯಾರಿಗೆ ಬರುತ್ತದೆ?

ಜಗಲಿಗೆ ಇರಚಲು ಬಡಿಯದ ಹಾಗೆ ಸೋಗೆಯನ್ನೋ ಪ್ಲಾಸ್ಟಿಕ್ಕನ್ನೋ ಕಟ್ಟಿ. ಜಗಲಿ ಒಣಗಿದ್ದರೆ ಅದೇ ಓಡಾಡುವ ಜಾಗ. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ. ಕುರ್ಚಿಯಿಂದ ಎದ್ದು ಕೂರುವುದು 5 ಸಲ, ಊಟಕ್ಕೆ ಮೊದಲು, ಮೂರು ಹೊತ್ತು. ಕಂಬ ಹಿಡಿದೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ನೀವು ಪಕ್ಕದಲ್ಲಿರಬೇಕು. 65 ದಾಟಿದವರಿಗೆ ಬ್ಯಾಲೆನ್ಸ್ ಮತ್ತು ಬಲದ ಅಭ್ಯಾಸ ವಾರಕ್ಕೆ 3 ದಿನವಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಂಥದ್ದನ್ನೇ.

ಕೋಲು ಹಿಡಿದರೆ ಅದಕ್ಕೇ ಒಗ್ಗಿಹೋಗ್ತಾರೆ ಅಲ್ವಾ?

ಒಗ್ಗಿಕೊಂಡರೆ ಒಳ್ಳೆಯದೇ, ನಡೆಯುತ್ತಿರುತ್ತಾರಲ್ಲ. ಆದರೆ ಅಳತೆ ಸರಿ ಇರಬೇಕು. ಚಪ್ಪಲಿ ಹಾಕಿ ನೇರ ನಿಂತು ಕೈ ಕೆಳಗೆ ಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಕೋಲಿನ ಹಿಡಿ ಅಲ್ಲಿರಬೇಕು. ನೋವಿರುವ ಕಾಲಿನ ಎದುರಿನ ಕೈಯಲ್ಲಿ ಹಿಡಿಯಬೇಕು, ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮನೆಯ ಬೆತ್ತವೇ ಸಾಕು, ತುದಿಗೆ ರಬ್ಬರ್ ಬುಷ್ ಹಾಕಿ, ಸವೆದರೆ ಬದಲಿಸಿ.

ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ವೀಲ್‌ಚೇರ್ ಬಗ್ಗೆ ಹೇಳುವುದಾದರೆ, ಮದುವೆಗೆ, ಆಸ್ಪತ್ರೆಗೆ ಹೋಗಲು ಬಳಸಿ. ಮಂಚದಿಂದ ಊಟದ ಜಾಗಕ್ಕೆ ಅದು ಬೇಡ.

ರಾತ್ರಿ ಎದ್ದೇಳಿಸೋದು ಕಷ್ಟ ಅಂತ ಡೈಪರ್ ಹಾಕ್ತೀವಿ. ತಪ್ಪಾ?

ರಾತ್ರಿ ಹಾಕಿದರೆ ತಪ್ಪೇನಿಲ್ಲ, ನೀವೂ ಮಲಗಬೇಕಲ್ಲ. ತೊಂದರೆ ಆಗುವುದು ಅದು ಹಗಲಿಗೂ ಮುಂದುವರಿದಾಗ. ನಡೆಯಬಲ್ಲವರಿಗೆ ಹಗಲು ಡೈಪರ್ ಹಾಕಿದರೆ ದಿನದಲ್ಲಿ ಎದ್ದು ನಡೆಯುವ ಕೊನೆಯ ನೆಪವೂ ಹೋಗುತ್ತದೆ. ಕಕ್ಕಸು ಮನೆಯ ಹೊರಗಿದ್ದರೆ ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಮೋಡ್ ಕುರ್ಚಿ ಇಡಿ. ನೀರು ಕೊಡುವುದನ್ನು ಮಾತ್ರ ಕಡಿಮೆ ಮಾಡಬೇಡಿ, ತಲೆಸುತ್ತು ಜಾಸ್ತಿಯಾಗುತ್ತದೆ. ಸಂಜೆಯ ಮೇಲೆ ಕಡಿಮೆ ಮಾಡಿ, ಹಗಲು ಧಾರಾಳವಾಗಿ ಕುಡಿಯಲಿ.

ಎಷ್ಟು ಓಡಾಡಿಸಬಹುದು? ಯಾವಾಗ ನಿಲ್ಲಿಸಬೇಕು?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಗೆರೆ ಎಳೆಯಿರಿ. ಎದ್ದು, ಗೆರೆಯವರೆಗೆ ಮಾಮೂಲಿನಂತೆ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಬೀಳುವ ಅಪಾಯ ಇದೆ ಅಂತ ಅರ್ಥ. ಅಂಥವರನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ಯಿರಿ. ಅದನ್ನು ನೆಪ ಮಾಡಿಕೊಂಡು ಕೂರಿಸಬೇಡಿ.

ಎದ್ದಾಗ ತಲೆ ಸುತ್ತಿದರೆ ಮಲಗಿದ್ದಾಗ ಮತ್ತು ನಿಂತ ಮೇಲೆ ಮೂರು ನಿಮಿಷದೊಳಗೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಬೇಕು. ಬಿಪಿ ಮಾತ್ರೆಯೋ ನಿದ್ದೆ ಮಾತ್ರೆಯೋ ಕಾರಣ ಇರಬಹುದು, ನೀವಾಗಿಯೇ ನಿಲ್ಲಿಸಬೇಡಿ. ಎದೆ ನೋವು, ಮಾತಾಡಲಾಗದಷ್ಟು ಏದುಸಿರು, ಒಂದೇ ಕಾಲು ಊದಿ ನೋವು, ಇದ್ದಕ್ಕಿದ್ದಂತೆ ಒಂದು ಕಡೆ ಬಲ ಹೋಗುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು, ಇಂಥವಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಸೊಂಟದ ಆಪರೇಷನ್ ಆದವರಿಗೆ ಎಷ್ಟು ಭಾರ ಹಾಕಬಹುದು ಅಂತ ಸರ್ಜನ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಹೆಚ್ಚಿನವರನ್ನು ಈಗ ಮರುದಿನವೇ ಎಬ್ಬಿಸುತ್ತಾರೆ.

ಮರುದಿನ ತೊಡೆಯಲ್ಲಿ ಸ್ವಲ್ಪ ಸೆಳೆತ ಇದ್ದರೆ ಹೆದರಬೇಕಿಲ್ಲ.

ಊಟದಲ್ಲಿ ಏನಾದರೂ?

ಗಂಜಿ, ಉಪ್ಪಿನಕಾಯಿ ಮಾತ್ರ ಸಾಲದು. ಬೇಳೆ, ಹುರುಳಿ, ಮೊಸರು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು. ಹಿರಿಯರಿಗೆ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 1 ಗ್ರಾಮಿಗೆ ಕಡಿಮೆ ಇಲ್ಲದಷ್ಟು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.

ಅಪ್ಪನಿಗೆ 88. ಈಗ ಶುರು ಮಾಡಿ ಏನು ಪ್ರಯೋಜನ?

ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ 8 ವಾರ ತೊಡೆಯ ಬಲದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಫಲಿತಾಂಶ ಬಂತು. ಮುಗಿಸಿದವರ ತೊಡೆಯ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಏರಿತ್ತು. ಅದಕ್ಕೂ ಎಷ್ಟೋ ಮೊದಲು, 1930ರ ದಶಕದಲ್ಲಿ, ಮಾರ್ಜರಿ ವಾರೆನ್ ಅನ್ನುವ ವೈದ್ಯೆ ಲಂಡನ್ನಿನಲ್ಲಿ ಹಾಸಿಗೆ ಹಿಡಿದ ನೂರಾರು ವೃದ್ಧರನ್ನು ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿ, ಎಬ್ಬಿಸಿ ನಡೆಸಿ ಅವರಲ್ಲಿ ಹಲವರನ್ನು ಮನೆಗೆ ಕಳಿಸಿದರು. ಅಪ್ಪ ಮತ್ತೆ ತೋಟಕ್ಕೆ ಹೋಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಬಚ್ಚಲಿಗೆ ತಾವೇ ಹೋಗಿ ಬರುವ ಹಾಗಾದರೆ ಅವರಿಗೂ ಮಾನ, ನಿಮಗೂ ಬಿಡುವು.

ಸಹಾಯಕ್ಕೆ ಯಾರನ್ನು ಕೇಳೋದು?

ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬೇರೆ ಕೆಲಸಕ್ಕೆ ಬಂದಾಗಲೂ ವಿಚಾರಿಸಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಅದಕ್ಕೆ ದುಡ್ಡಿಲ್ಲ. ಆಶಾ ಕಾರ್ಯಕರ್ತೆಯರಿಗೂ ನಿಮ್ಮ ಹತ್ತಿರ ಯಾರಿದ್ದಾರೆ ಅಂತ ಗೊತ್ತಿರುತ್ತದೆ.

ಸರಿ, ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡೋದು?

ನಮ್ಮಜ್ಜಿಗೆ ನಾವು ಕಾಫಿಯಿಂದ ಶುರು ಮಾಡಿದೆವು. ಮಂಚಕ್ಕೆ ತಂದುಕೊಡುವುದನ್ನು ಅಮ್ಮ ಒಂದು ದಿನ ನಿಲ್ಲಿಸಿದಳು. ಕೊಡುವುದಿಲ್ಲ ಅನ್ನಲಿಲ್ಲ. "ಒಲೆ ಹತ್ರ ಬಾ, ಬಿಸಿ ಇದ್ದಾಗ ಕುಡಿ" ಅಂದಳು. ಮಂಚದಿಂದ ಅಡುಗೆಮನೆಗೆ 14 ಹೆಜ್ಜೆ. ದಾರಿಯ ನಡುವೆ, ಕಿಟಕಿ ಹತ್ತಿರ ಒಂದು ಕುರ್ಚಿ ಇಟ್ಟೆವು. ಮೊದಲ ದಿನ ಅಜ್ಜಿ ಬಂದು ಮುಟ್ಟುವಷ್ಟರಲ್ಲಿ ಕಾಫಿ ಆರಿಹೋಗಿತ್ತು, ಅಮ್ಮ ಮತ್ತೆ ಬಿಸಿ ಮಾಡಿಕೊಟ್ಟಳು. ಎರಡು ವಾರದ ಮೇಲೆ ಅಜ್ಜಿ ಆ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಳು. ಸಂಕ್ರಾಂತಿ ಹೊತ್ತಿಗೆ ಅಮ್ಮನಿಗಿಂತ ಮೊದಲೇ ಎದ್ದು ಬಂದು ಒಲೆಗೆ ದರಗು ಹಾಕಿ ಊದುತ್ತಾ ಕೂತಿರುತ್ತಿದ್ದಳು. ಆ ಕುರ್ಚಿಯನ್ನು ಆಮೇಲೆ ಜಗಲಿಗೆ ತೆಗೆದುಕೊಂಡು ಹೋಗಿ ತುಳಸಿಕಟ್ಟೆ ಕಾಣುವ ಹಾಗೆ ಹಾಕಿದೆವು.